ಕೃಂಬಿಗಲ್: ಶಂಕುಧಾರಿ ಮರಗಳ ನಾಡಿನಿಂದ ಬಂದ ತೋಟಗಾರ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೊಸ ಮನೆ ಕಟ್ಟಿಸಿದವರು ಅಂಗಳದಲ್ಲಿ ಒಂದು ಚೆಲುವಾದ ಗಿಡವಿರಲೆಂದು ಬಯಸುವುದು ಸಹಜ. ಈಚೆಗೆ ಆ ಬಯಕೆಯ ಜೊತೆಗೆ ಮೊಬೈಲಿನಲ್ಲಿ ಕಂಡ ಚಿತ್ರವೂ ಸೇರಿಕೊಳ್ಳುತ್ತಿದೆ. ಆಳೆತ್ತರವನ್ನೂ ಮೀರದ, ಸೂಜಿಯಂಥ ಎಲೆಯ, ಕೊಂಬೆಗಳು ಕಾರಂಜಿಯ ನೀರಿನಂತೆ ನೆಲಕ್ಕೆ ಇಳಿಬಿದ್ದ ಗಿಡದ ಚಿತ್ರ ಅದು. ಪೈನ್, ಸ್ಪ್ರೂಸ್, ದೇವದಾರು, ಸೈಪ್ರೆಸ್, ಥೂಜಾ ಮೊದಲಾದವು ಸೇರುವ ಶಂಕುಧಾರಿ ಮರಗಳ ಕುಲಕ್ಕೆ ಸೇರಿದ ಗಿಡ್ಡ ತಳಿಗಳಿವು. ದುಬಾರಿ ಬೆಲೆ ಕೊಟ್ಟು ತಂದ ಇಂಥ ಗಿಡ ನಮ್ಮಲ್ಲಿ ಉಳಿಯುತ್ತದೆಯೇ, ಮುಂದಿನ ಯುಗಾದಿಯ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆಯೇ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಕಂಡುಕೊಳ್ಳಲು ನಮ್ಮ ನಾಡಿನ ಒಬ್ಬ ತೋಟಗಾರರ ಬದುಕು ಬಹಳ ನೆರವಾಗುತ್ತದೆ. ಅವರ ಹೆಸರು ಗುಸ್ತಾವ್ ಹರ್ಮನ್ ಕೃಂಬಿಗಲ್. ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ರಸ್ತೆಗೆ ಇರುವುದು ಇವರದೇ ಹೆಸರು.

ಬೆಂಗಳೂರಿನ ಉದ್ಯಾನದ ಕಥೆ ನಮ್ಮ ಒಣಭೂಮಿಯ ತಾಲ್ಲೂಕುಗಳಿಗೆ ಏಕೆ ಎಂದು ನಿಮಗೆ ಅನಿಸಬಹುದು. ಆದರೆ ಲಾಲ್‌ಬಾಗಿನ ಬೇರನ್ನು ಕೆದಕಿದರೆ ಅದು ಶಿರಾದವರೆಗೆ ಬರುತ್ತದೆ. ಮೊಗಲರ ಕಾಲದಲ್ಲಿ ಶಿರಾ ಒಂದು ಸುಬಾದ ರಾಜಧಾನಿಯಾಗಿತ್ತು. ಅಲ್ಲಿನ ಸುಬೇದಾರ ದಿಲಾವರ್ ಖಾನನ ಆಳ್ವಿಕೆಯಲ್ಲಿ ಪಟ್ಟಣ ಏಳಿಗೆಯ ತುದಿಯನ್ನು ಮುಟ್ಟಿತು. ಅವನು ಕಟ್ಟಿಸಿದ ಅರಮನೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದೂ, ಶಿರಾದ ಖಾನ್ ಬಾಗ್ ಎಂಬ ತೋಟವೇ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂದೂ ಹಳೆಯ ಮೈಸೂರು ಗ್ಯಾಸೆಟಿಯರ್ ತಿಳಿಸುತ್ತದೆ. 1761ರಲ್ಲಿ ಶಿರಾ ಹೈದರನ ವಶವಾಯಿತು. ಹೈದರ್ ಲಾಲ್‌ಬಾಗನ್ನು ಆರಂಭಿಸಿದ್ದೂ ಹೆಚ್ಚುಕಡಿಮೆ ಆ ವರ್ಷಗಳಲ್ಲಿಯೇ. ಆದುದರಿಂದ ಶಿರಾ ಸೀಮೆಯವರಾದ ನೀವು ಲಾಲ್‌ಬಾಗನ್ನು ಪರಸ್ಥಳವೆಂದು ತಿಳಿಯಬೇಕಾಗಿಲ್ಲ.

ಎಲ್ಬೆಯ ದಡದಿಂದ ಬರೋಡೆಗೆ

ಕೃಂಬಿಗಲ್ ಅವರು ಜನಿಸಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ಎಲ್ಬೆ ನದಿಯ ಆಸುಪಾಸಿನ ಆ ಸೀಮೆಯಲ್ಲಿ ಮರಳುಗಲ್ಲಿನ ಕಡಿದಾದ ಬಂಡೆಗಳಿವೆ. ಬಂಡೆಗಳ ನಡುವೆ ಸ್ಪ್ರೂಸ್ ಮತ್ತು ಪೈನ್ ಮರಗಳ ಕಾಡುಗಳಿವೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನೂ ಪಾವಗಡದ ಕೋಟೆಬೆಟ್ಟವನ್ನೂ ನೋಡುತ್ತ ಬೆಳೆದ ನಿಮಗೆ ಬಂಡೆಯ ನಾಡು ಹೊಸದಲ್ಲ. ಆದರೆ ಅಲ್ಲಿನ ಬಂಡೆಯ ಮೇಲೆ ಚಳಿಗಾಲದಲ್ಲಿ ಹಿಮ ಕೂರುತ್ತದೆ, ಇಲ್ಲಿನ ಬಂಡೆ ಏಪ್ರಿಲ್ ತಿಂಗಳಲ್ಲಿ ಕಾದ ಹಂಚಿನಂತಾಗುತ್ತದೆ. ಶಂಕುಧಾರಿ ಮರದ ರೂಪವನ್ನು ತಿಳಿಯಲು ಈ ವ್ಯತ್ಯಾಸ ಮುಖ್ಯ. ಮೇಲೆ ಮೊನಚಾಗಿ ಕೆಳಗೆ ಅಗಲವಾಗಿರುವ ಅದರ ಆಕಾರ ಮತ್ತು ಕೆಳಮುಖವಾಗಿ ಬಾಗುವ ಅದರ ಕೊಂಬೆ ಹಿಮದ ಭಾರವನ್ನು ಜಾರಿಸಿಬಿಡಲು ಅನುಕೂಲವಾಗಿವೆ. ನಾವು ಅಂದವೆಂದು ಮೆಚ್ಚುವುದು ಆ ಮರಕ್ಕೆ ಚಳಿಯ ನಾಡಿನಲ್ಲಿ ಬದುಕುವ ಉಪಾಯ.

ಬಾಲಕ ಗುಸ್ತಾವ್ ವಿಲ್ಸ್‌ಡ್ರುಫ್ ಮತ್ತು ಡ್ರೆಸ್ಡೆನ್‌ಗಳಲ್ಲಿ ಶಾಲೆ ಕಲಿತು, ಅನಂತರ ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದರು. ಪಿಲ್ನಿಟ್ಸ್ ಸ್ಯಾಕ್ಸನಿಯ ಅರಸರ ಬೇಸಿಗೆ ಅರಮನೆಯ ಊರು. ಅಲ್ಲಿನ ಅರಮನೆಯ ಉದ್ಯಾನದಲ್ಲಿ ಶಂಕುಧಾರಿ ಮರಗಳದ್ದೇ ಒಂದು ತೋಪು ಇದೆ. ಅದೇ ಉದ್ಯಾನದಲ್ಲಿ ಪೂರ್ವದೇಶದಿಂದ ಬಂದ ಒಂದು ಹಳೆಯ ಕ್ಯಾಮೆಲಿಯಾ ಮರವೂ ಇದೆ. ಚಳಿಗಾಲ ಬಂದೊಡನೆ ಅದಕ್ಕೆ ಗಾಜಿನ ಮನೆಯ ಆಸರೆ ಒದಗಿಸುತ್ತಾರೆ. ಪರನಾಡಿನ ಗಿಡವನ್ನು ಉಳಿಸಿಕೊಳ್ಳಬೇಕಾದರೆ ಎಷ್ಟು ಖರ್ಚು ಮತ್ತು ಎಷ್ಟು ಎಚ್ಚರ ಬೇಕೆಂಬುದು ಅಂಥ ಊರಿನಲ್ಲಿ ಕಲಿತವರಿಗೆ ಕಣ್ಣೆದುರಿನ ಪಾಠವಾಗಿದ್ದಿರಬೇಕು.

1884ರಲ್ಲಿ ಅವರು ಮೆಕ್ಲೆನ್‌ಬರ್ಗ್ ಪ್ರಾಂತ್ಯದ ಶ್ವೆರಿನ್‌ನಲ್ಲಿ ತೋಟದ ಕೆಲಸಕ್ಕೆ ಸೇರಿದರು. ಬಳಿಕ ಹ್ಯಾಂಬರ್ಗ್‌ನಲ್ಲಿ ದುಡಿದು, 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಮಡಿಗಳನ್ನು ರೂಪಿಸುವ ಕೆಲಸ ಮಾಡಿದ ಮೇಲೆ ಕ್ಯೂ ಸಸ್ಯೋದ್ಯಾನದ ಸಿಬ್ಬಂದಿಯಾದರು. ಜಗತ್ತಿನ ಮೂಲೆಮೂಲೆಗಳಿಂದ ಬೀಜ, ಗೆಡ್ಡೆ, ಒಣಗಿಸಿದ ಸಸ್ಯಗಳು ಕ್ಯೂಗೆ ಬಂದು ಸೇರುತ್ತಿದ್ದ ಕಾಲವದು. ರಬ್ಬರ್, ಸಿಂಕೋನಾಗಳಂಥ ಬೆಳೆಗಳು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹೋದದ್ದು ಆ ಉದ್ಯಾನದ ಮೂಲಕವೇ. ಶಂಕುಧಾರಿ ಮರಗಳಿಗೆಂದು ಅಲ್ಲಿ ಪ್ರತ್ಯೇಕ ವಿಭಾಗವಿತ್ತು. ಹೀಗಾಗಿ ಇಪ್ಪತ್ತೇಳು ವರ್ಷ ತುಂಬುವ ಮೊದಲೇ ಈ ತರುಣರು ಕಾಡಿನಲ್ಲಿ, ಅರಮನೆಯ ತೋಟದಲ್ಲಿ, ಸಸ್ಯಶಾಸ್ತ್ರದ ಉದ್ಯಾನದಲ್ಲಿ, ಮೂರು ಕಡೆಯೂ ಶಂಕುಧಾರಿಗಳನ್ನು ನೋಡಿದ್ದರು.

1893ರಲ್ಲಿ ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅವರನ್ನು ತಮ್ಮ ಸಂಸ್ಥಾನದ ಉದ್ಯಾನಗಳ ಮೇಲ್ವಿಚಾರಣೆಗೆ ಕರೆಸಿಕೊಂಡರು. ಬರೋಡೆಯಲ್ಲಿ ಅವರು ಕಳೆದದ್ದು ಸುಮಾರು ಹದಿನೈದು ವರ್ಷ. ಗುಜರಾತಿನ ಬೇಸಿಗೆ ಎಂಥದೆಂದು ಅಲ್ಲಿಗೆ ಕೂಲಿಗೋ ವ್ಯಾಪಾರಕ್ಕೋ ಹೋಗಿಬಂದವರು ಬಲ್ಲರು. ಚಳಿಯ ನಾಡಿನ ತೋಟಗಾರನೊಬ್ಬ ಬಿಸಿಲಿನ ನಾಡಿನ ಗಿಡಮರಗಳ ಗುಣವನ್ನು ಕಲಿತದ್ದು ಅಲ್ಲಿ. ಮುಂದೆ ಮೈಸೂರು ಸೀಮೆಗೆ ಅವರು ತಂದ ಬಂಡವಾಳದಲ್ಲಿ ಕ್ಯೂನ ವಿದ್ಯೆಯಷ್ಟೇ ಬರೋಡೆಯ ಬಿಸಿಲೂ ಇತ್ತು ಎಂದು ನಮಗೆ ತೋರುತ್ತದೆ.

ಲಾಲ್‌ಬಾಗಿನ ಇಪ್ಪತ್ತನಾಲ್ಕು ವರ್ಷ

ಲಾಲ್‌ಬಾಗಿನಲ್ಲಿ ಅವರಿಗಿಂತ ಮೊದಲು ಅಧಿಕಾರದಲ್ಲಿದ್ದವರು ಜಾನ್ ಕ್ಯಾಮೆರಾನ್. ಇಂದು ನೀವು ಸಂತೆಯಲ್ಲಿ ಕೊಳ್ಳುವ ಸೀಮೆಬದನೆಯನ್ನು ಈ ನಾಡಿಗೆ ಪರಿಚಯಿಸಿದ ಕೀರ್ತಿ ಕ್ಯಾಮೆರಾನರದು. ಅವರ ನಿವೃತ್ತಿಯ ನಂತರ, 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ಕೃಂಬಿಗಲ್ ಮೈಸೂರು ಸಂಸ್ಥಾನದ ಸರ್ಕಾರಿ ಉದ್ಯಾನಗಳ ಹೊಣೆಯನ್ನು ವಹಿಸಿಕೊಂಡರು. 1932ರಲ್ಲಿ ನಿವೃತ್ತರಾಗುವವರೆಗೆ ಆ ಹೊಣೆ ಅವರದಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಶಂಕುಧಾರಿಗಳ ನಾಡಿನಲ್ಲಿ ಹುಟ್ಟಿ, ಅವುಗಳ ನಡುವೆಯೇ ವೃತ್ತಿ ಕಲಿತ ಈ ವ್ಯಕ್ತಿ ಬೆಂಗಳೂರಿನ ಬೀದಿಗಳಿಗೆ ಮರ ಆರಿಸುವಾಗ ತಮ್ಮ ಬಾಲ್ಯದ ಮರಗಳನ್ನು ಆರಿಸಲಿಲ್ಲ. ಉಷ್ಣವಲಯದ ಹೂಮರಗಳನ್ನು ಆರಿಸಿದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೊಂದು ಬೀದಿ ಹೂವಿನಲ್ಲಿರಬೇಕೆಂಬುದು ಅವರ ಯೋಜನೆಯಾಗಿತ್ತು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳಲು ತೊಡಗಬೇಕು. ಇದು ಕಾಣುವಷ್ಟು ಸುಲಭವಲ್ಲ. ಪ್ರತಿಯೊಂದು ಮರವೂ ಈ ನೆಲದಲ್ಲಿ, ಈ ಮಳೆಯಲ್ಲಿ ಯಾವ ವಾರ ಎಲೆ ಉದುರಿಸುತ್ತದೆ, ಯಾವ ವಾರ ಮೊಗ್ಗು ಕಟ್ಟುತ್ತದೆ ಎಂಬುದನ್ನು ವರ್ಷಗಟ್ಟಲೆ ನೋಡಿ ಬರೆದಿಟ್ಟುಕೊಂಡವರಿಗೆ ಮಾತ್ರ ಸಾಧ್ಯ. ಹುಣಸೆ ಎಂದು ಹೂ ಬಿಡುತ್ತದೆ, ಹೊಂಗೆ ಎಂದು ಚಿಗುರುತ್ತದೆ ಎಂಬುದನ್ನು ನೋಡಿ ಹಂಗಾಮನ್ನು ಅಳೆಯುವ ನಿಮ್ಮ ಹಿರಿಯರ ವಿದ್ಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಬೆಂಗಳೂರಿನಲ್ಲಿ ಇಂದು ಕಾಣುವ ಹೂಮರಗಳನ್ನೆಲ್ಲ ಅವರೇ ನೆಟ್ಟರೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಅವರಿಗಿಂತ ಹಿಂದಿನವರು ನೆಟ್ಟ ಮರಗಳಿದ್ದವು. 1980ರ ದಶಕದಲ್ಲಿ ಅರಣ್ಯ ಇಲಾಖೆ ನೆಟ್ಟವು ಲಕ್ಷಗಟ್ಟಲೆ. ಕೃಂಬಿಗಲ್ ಅವರದು ಬೀದಿಮರಕ್ಕೊಂದು ಲೆಕ್ಕಾಚಾರ ತಂದ ಹೆಗ್ಗಳಿಕೆ.

ಹಾಗಾದರೆ ಲಾಲ್‌ಬಾಗಿನಲ್ಲಿ ಶಂಕುಧಾರಿಗಳಿಲ್ಲವೇ? ಇವೆ. ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿದ ಅರೌಕೇರಿಯಾ ಮರಗಳನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತಾರೆ. ನಮ್ಮ ಜನ ಅದನ್ನು ಕ್ರಿಸ್‌ಮಸ್ ಮರವೆಂದು ಕರೆಯುತ್ತಾರೆ. ಆದರೆ ಅದು ಯುರೋಪಿನ ಹಿಮದ ನಾಡಿನದಲ್ಲ, ದಕ್ಷಿಣ ಶಾಂತಸಾಗರದ ಬೆಚ್ಚನೆಯ ದ್ವೀಪಗಳದು. ಆದುದರಿಂದಲೇ ಅದು ಬೆಂಗಳೂರಿಗೆ ಹೊಂದಿಕೊಂಡಿತು. ಒಂದೇ ಕುಲದ ಮರಗಳಾದರೂ ಹುಟ್ಟಿದ ನೆಲ ಬೇರೆಯಾದರೆ ಗುಣವೂ ಬೇರೆ. ದಕ್ಷಿಣ ಭಾರತದ ಪಶ್ಚಿಮಘಟ್ಟದ ಮಳೆಕಾಡುಗಳಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು, ನಗೇಯ ವಾಲಿಚಿಯಾನ ಎಂಬುದು ಅದರ ಶಾಸ್ತ್ರೀಯ ಹೆಸರು. ಅದರ ಎಲೆ ಸೂಜಿಯಂತಿಲ್ಲ, ಅಗಲವಾಗಿದೆ. ಇಡೀ ಕುಲದಲ್ಲಿ ಒಂದೇ ಜಾತಿ ಈ ನೆಲವನ್ನು ಒಪ್ಪಿತೆಂದರೆ, ಉಳಿದವನ್ನು ತರುವವರು ಎಷ್ಟು ಯೋಚಿಸಬೇಕೆಂದು ನೀವೇ ಊಹಿಸಿ.

ಕೃಂಬಿಗಲ್ ಅವರು ಅಲಂಕಾರದ ಗಿಡಗಳಲ್ಲೇ ಮುಳುಗಿದ್ದವರಲ್ಲ. ಕೃಷಿಕರಾದ ನಿಮಗೆ ಅವರ ಇನ್ನೊಂದು ಮುಖ ಹೆಚ್ಚು ಹತ್ತಿರದ್ದು. ಹೊರನಾಡುಗಳ ಉದ್ಯಾನಗಳೊಡನೆ ಬೀಜ ವಿನಿಮಯ ನಡೆಸಿ, ಬಂದದ್ದನ್ನು ಇಲ್ಲಿ ಬೆಳೆದು ನೋಡುವ ಕಾರ್ಯವನ್ನು ಅವರು ಮುಂದುವರಿಸಿದರು. ರೋಡ್ಸ್ ಹುಲ್ಲು, ರಷ್ಯದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ, ಜಾವಾ ಅಂಜೂರ, ಫೈಜೋವಾ ಹಣ್ಣು ಇವೆಲ್ಲ ಅವರ ಕಾಲದ ಪ್ರಯೋಗಗಳ ಪಟ್ಟಿಯಲ್ಲಿವೆ. ಈ ಪಟ್ಟಿಯನ್ನು ನಿಧಾನವಾಗಿ ನೋಡಿ. ರೋಡ್ಸ್ ಹುಲ್ಲು ಬರವನ್ನೂ ಸ್ವಲ್ಪಮಟ್ಟಿಗೆ ಸವಳನ್ನೂ ತಾಳುವ ಮೇವು, ಇಂದಿಗೂ ಒಣಭೂಮಿಗೆ ಶಿಫಾರಸಾಗುವಂಥದು. ಸೂರ್ಯಕಾಂತಿ ನಿಮ್ಮ ಹೊಲಗಳಿಗೆ ಎಣ್ಣೆಕಾಳಿನ ಬೆಳೆಯಾಗಿ ಬಂದದ್ದು 1970ರ ದಶಕದಲ್ಲಿ, ಆಗಲೂ ರಷ್ಯದ ತಳಿಗಳ ಮೂಲಕವೇ. ಫೈಜೋವಾ ಮಾತ್ರ ನಮ್ಮ ಜನರ ನಾಲಿಗೆಗೂ ಮಾರುಕಟ್ಟೆಗೂ ಹತ್ತಲಿಲ್ಲ. ಪ್ರಯೋಗಕ್ಕೆ ತಂದ ಹತ್ತರಲ್ಲಿ ಒಂದೆರಡು ಮಾತ್ರ ನೆಲೆಯೂರುವುದು ಸಸ್ಯ ಪರಿಚಯದ ಸಾಮಾನ್ಯ ಅನುಭವ. ಆ ಉಳಿದ ಸೋಲುಗಳು ಸರ್ಕಾರಿ ತೋಟದಲ್ಲಿ ನಡೆದುಹೋಗುವುದು ಒಳ್ಳೆಯದು, ರೈತನ ಹಣದಲ್ಲಿ ನಡೆಯಬಾರದು. ಸಸ್ಯೋದ್ಯಾನವೂ ಸಂಶೋಧನಾ ಕೇಂದ್ರವೂ ಇರುವುದು ಇದಕ್ಕಾಗಿಯೇ.

ಪರೀಕ್ಷೆಯಿಲ್ಲದೆ ಬಂದ ಅಲಂಕಾರದ ಗಿಡ ಏನು ಮಾಡಬಲ್ಲದೆಂದು ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. ನಿಮ್ಮ ಬೆಟ್ಟಗುಡ್ಡಗಳ ತಪ್ಪಲನ್ನು ಮುಚ್ಚಿರುವ ಲಂಟಾನ ಈ ದೇಶಕ್ಕೆ ಬಂದದ್ದು ಹೂತೋಟದ ಗಿಡವಾಗಿಯೇ.

1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಸ್ಥಾಪನೆಯಾಯಿತು. ಅದರ ಹಿಂದಿದ್ದವರು ಕೃಂಬಿಗಲ್. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ವೇಳೆ ನಡೆಯುವ ಫಲಪುಷ್ಪ ಪ್ರದರ್ಶನಗಳಲ್ಲಿ ತೋಟಗಾರಿಕೆ ಇಲಾಖೆಯೊಡನೆ ಆ ಸಂಘ ಇಂದಿಗೂ ಕೈಜೋಡಿಸುತ್ತದೆ. ತೋಟದ ಕೆಲಸಗಾರರಿಗೆ ಕ್ರಮಬದ್ಧ ತರಬೇತಿ ದೊರೆಯಬೇಕೆಂಬುದೂ ಅವರ ಆಸಕ್ತಿಯಾಗಿತ್ತು. ಮಾಲಿ ಎಂದರೆ ಹೇಳಿದ್ದನ್ನು ಅಗೆಯುವವನೆಂದು ಎಣಿಸಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅವರ ಕೈಕೆಳಗೆ ಪಳಗಿದ ಎಚ್.ಸಿ. ಜವರಾಯರು 1932ರಲ್ಲಿ ಅವರ ಸ್ಥಾನಕ್ಕೆ ಬಂದು, ಆ ಹುದ್ದೆಯನ್ನೇರಿದ ಮೊದಲ ಭಾರತೀಯರಾದರು. ಮುಂದೆ ಡಾ. ಎಂ.ಎಚ್. ಮರಿಗೌಡರ ಕಾಲದಲ್ಲಿ, 1963ರಲ್ಲಿ, ತೋಟಗಾರಿಕೆಯು ಕೃಷಿ ಇಲಾಖೆಯಿಂದ ಬೇರೆಯಾಗಿ ಸ್ವತಂತ್ರ ಇಲಾಖೆಯಾಯಿತು.

ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನ ದಿವಾನ್ ಮಿರ್ಜಾ ಇಸ್ಮಾಯಿಲರ ಆಸೆಯ ಕೂಸು. 1927ರಲ್ಲಿ ಆರಂಭವಾಗಿ 1932ರ ಹೊತ್ತಿಗೆ ಪೂರ್ಣಗೊಂಡ ಅದರ ವಿನ್ಯಾಸದಲ್ಲಿ ಕೃಂಬಿಗಲ್ ಅವರ ಕೈ ಇದೆ. ಅದರ ವರ್ಣನೆ ಇಲ್ಲಿ ಬೇಡ, ನೀವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ.

ನಿವೃತ್ತಿಯ ನಂತರವೂ ಅವರು ಜರ್ಮನಿಗೆ ಮರಳಲಿಲ್ಲ. ಬೆಂಗಳೂರಿನಲ್ಲಿಯೇ ನೆಲೆಸಿ ಉದ್ಯಾನ ಮತ್ತು ನಗರ ಯೋಜನೆಗೆ ಸಲಹೆಗಾರರಾಗಿ ದುಡಿದರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್ ಅವರೊಡನೆಯೂ ಕೆಲಸ ಮಾಡಿದರು. ಅದೇ ವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಬ್ರಿಟಿಷರ ದೃಷ್ಟಿಯಲ್ಲಿ ಜರ್ಮನಿಯಲ್ಲಿ ಹುಟ್ಟಿದವರೆಲ್ಲ ಶತ್ರುದೇಶದವರು. ಭಾರತಕ್ಕೆ ಬಂದು ನಲವತ್ತಾರು ವರ್ಷ ಕಳೆದಿದ್ದ, ಎಪ್ಪತ್ತು ದಾಟಿದ್ದ ತೋಟಗಾರರನ್ನೂ ಆ ಲೆಕ್ಕಕ್ಕೆ ಸೇರಿಸಿ ಬಂಧನದಲ್ಲಿರಿಸಿದರು. ಅವರು ನೆಟ್ಟ ಮರಗಳಲ್ಲಿ ಮೆಕ್ಸಿಕೋ, ಬ್ರೆಜಿಲ್, ಮಡಗಾಸ್ಕರ್, ಆಸ್ಟ್ರೇಲಿಯಾಗಳಿಂದ ಬಂದ ಜಾತಿಗಳಿದ್ದವು. ಅವುಗಳನ್ನು ಯಾರೂ ಪರದೇಶಿಗಳೆಂದು ಕರೆಯಲಿಲ್ಲ. ಬಿಡುಗಡೆಯಾದ ಮೇಲೆಯೂ ಅವರು ಇಲ್ಲಿಯೇ ಉಳಿದರು.

ನಿಮ್ಮ ಅಂಗಳದ ಗಿಡ

ಈಗ ನೀವು ಬಯಸುವ ಗಿಡದ ಮಾತಿಗೆ ಬರೋಣ. ಕೃಂಬಿಗಲ್ ಅವರ ರೀತಿಯಲ್ಲಿ ಮೊದಲು ಅದರ ಹುಟ್ಟೂರನ್ನು ಕೇಳಬೇಕು.

ಚಿತ್ರಗಳಲ್ಲಿ ಕಾಣುವ ಜೋಲುಕೊಂಬೆಯ ಗಿಡ್ಡ ಶಂಕುಧಾರಿಗಳಲ್ಲಿ ಹೆಚ್ಚಿನವು ಸ್ಪ್ರೂಸ್, ಹೆಮ್ಲಾಕ್, ಲಾರ್ಚ್ ಮತ್ತು ಸೀಡರ್ ಜಾತಿಗಳಲ್ಲಿ ಆಕಸ್ಮಿಕವಾಗಿ ಹುಟ್ಟಿದ ವಿಚಿತ್ರ ಸಸಿಗಳ ಸಂತತಿ. ಇವುಗಳ ಕೊಂಬೆಗೆ ಮೇಲಕ್ಕೆ ನಿಲ್ಲುವ ಶಕ್ತಿಯಿಲ್ಲ, ಆದುದರಿಂದ ಜೋಲುತ್ತದೆ. ಬೀಜ ಬಿತ್ತಿದರೆ ಈ ಗುಣ ನಂಬಿಕೆಯಾಗಿ ಇಳಿಯುವುದಿಲ್ಲ. ಕಸಿ ಕಟ್ಟಿಯೇ ಬೆಳೆಸಬೇಕು, ಆದುದರಿಂದ ಬೆಲೆ ಹೆಚ್ಚು. ಸ್ಪ್ರೂಸ್, ಹೆಮ್ಲಾಕ್, ಲಾರ್ಚ್‌ಗಳಿಗೆ ವರ್ಷದಲ್ಲಿ ಕೆಲವು ತಿಂಗಳ ಗಟ್ಟಿ ಚಳಿ ಮತ್ತು ತಂಪಾದ ತೇವದ ಮಣ್ಣು ಬೇಕು. ನಿಮ್ಮ ನಾಲ್ಕು ತಾಲ್ಲೂಕುಗಳು ಸೇರಿರುವ ಮಧ್ಯ ಒಣವಲಯದಲ್ಲಿ ವರ್ಷದ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಅದೂ ಬಹುಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಸುತ್ತ. ಇಂಥಲ್ಲಿ ಆ ಮೂರು ಜಾತಿಗಳಿಗೆ ಹಣ ಹಾಕಬೇಡಿ ಎಂಬುದೇ ನಮ್ಮ ಸ್ಪಷ್ಟ ಸಲಹೆ. ದೇವದಾರುವಿನ ಜೋಲುತಳಿಯೂ ಹಿಮಾಲಯದ ತಂಪಿನದು, ಪಾವಗಡದ ಬೇಸಿಗೆ ಅದಕ್ಕಲ್ಲ.

ಶಂಕುಧಾರಿಯೇ ಬೇಕೆಂಬುವವರಿಗೆ ಥೂಜಾ ಉತ್ತಮ. ಪೂರ್ವ ಏಷ್ಯಾ ಮೂಲದ ಈ ಗಿಡವನ್ನು ನರ್ಸರಿಗಳಲ್ಲಿ ಮೋರ್‌ಪಂಖಿ ಎಂದೂ ಕರೆಯುತ್ತಾರೆ. ಬಿಸಿಲನ್ನೂ ಸ್ವಲ್ಪ ಕ್ಷಾರದ ಮಣ್ಣನ್ನೂ ತಾಳಿಕೊಳ್ಳುತ್ತದೆ, ಒತ್ತಾಗಿ ಬೆಳೆಯುತ್ತದೆ. ಅದರ ಸಾಮಾನ್ಯ ರೂಪ ನೆಟ್ಟಗೆ ನಿಲ್ಲುವುದೇ ಹೊರತು ಜೋಲುವುದಲ್ಲ. ದಾರದಂಥ ಕವಲುಗಳು ಇಳಿಬೀಳುವ ರೂಪಗಳು ಅಪರೂಪಕ್ಕೆ ಸಿಗುತ್ತವೆ. ಹರಡಿ ಬೆಳೆಯುವ ಚೀನಾ ಜೂನಿಪರ್ ಇನ್ನೊಂದು ಆಯ್ಕೆ. ಅದನ್ನು ಕಟ್ಟೆಯ ಅಂಚಿಗೆ ನೆಟ್ಟರೆ ಕೊಂಬೆಗಳು ಕೆಳಕ್ಕೆ ಬಾಗಿ, ನೀವು ಬಯಸಿದ ನೋಟಕ್ಕೆ ಹತ್ತಿರವಾಗುತ್ತದೆ. ಜೋಲು ಸೈಪ್ರೆಸ್ ಹೆಸರಿನಲ್ಲಿ ಮಾರುವ ಮರಗಳು ಚೆಲುವಾದವು, ಆದರೆ ಗಿಡ್ಡವಲ್ಲ. ಎಳೆಯದರಲ್ಲಿ ಮೂರಡಿಯಿದ್ದದ್ದು ಮುಂದೆ ದೊಡ್ಡ ಮರವಾಗುತ್ತದೆ. ಕೊಳ್ಳುವಾಗ ಪೂರ್ಣ ಬೆಳೆದ ಗಾತ್ರವೆಷ್ಟೆಂದು ತಪ್ಪದೆ ಕೇಳಿ.

ಕುಂಡದ ಅಥವಾ ಚೀಲದ ಸಸಿಯನ್ನು ಕೊಳ್ಳುವ ಮುನ್ನ ಬೇರನ್ನು ನೋಡಿ. ಬೇರು ಚೀಲದ ಒಳಗೆ ಸುರುಳಿ ಸುತ್ತಿಕೊಂಡಿದ್ದರೆ ಆ ಸಸಿ ಬೇಡ. ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಬೇವಿನ ಹಿಂಡಿ ಬೆರೆಸಿ ತುಂಬಿ. ನಮ್ಮ ಕಡೆ ಎಲ್ಲ ಗಿಡಕ್ಕೂ ಕೆರೆಗೋಡು ಹಾಕುವ ರೂಢಿಯಿದೆ. ಹೊಲಕ್ಕೆ ಅದು ಒಳ್ಳೆಯದೇ, ಆದರೆ ಈ ಗಿಡದ ಬುಡಕ್ಕೆ ಹೆಚ್ಚು ಹಾಕಿದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ಕೆಂಪು ಮಣ್ಣಿಗೆ ಮರಳು ಬೆರೆತರೆ ಬಸಿಯುವಿಕೆ ಸರಿಹೋಗುತ್ತದೆ. ಕಸಿಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲಿರಲಿ, ಬೇರುಸಸಿಯಿಂದ ಒಡೆಯುವ ಚಿಗುರನ್ನು ಕೂಡಲೇ ಚಿವುಟಿ.

ನೆಡಲು ಉತ್ತರೆ, ಹಸ್ತ ಮಳೆಗಳ ಕಾಲ ನಿಮ್ಮಲ್ಲಿ ಬಹಳ ಸೂಕ್ತ. ಮುಂಗಾರಿನ ಮೊದಲ ಮಳೆಗೇ ನೆಟ್ಟು, ಬಳಿಕ ಬರುವ ಒಣ ವಾರಗಳಲ್ಲಿ ಸಸಿ ಕಳೆದುಕೊಳ್ಳುವುದು ಸಾಮಾನ್ಯ. ಮನೆಯ ಪೂರ್ವ ದಿಕ್ಕಿನಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಜಾಗ ಆರಿಸಿ. ಸುಣ್ಣ ಬಳಿದ ಗೋಡೆಗೂ ಸಿಮೆಂಟಿನ ಅಂಗಳಕ್ಕೂ ಅಂಟಿಸಿ ನೆಡಬೇಡಿ, ಅವುಗಳಿಂದ ಮರಳುವ ಶಾಖವೇ ಗಿಡವನ್ನು ಸುಡುತ್ತದೆ. ಬುಡದ ಸುತ್ತ ಕಡಲೆಕಾಯಿ ಸಿಪ್ಪೆಯ ಹೊದಿಕೆ ಮೂರು ನಾಲ್ಕು ಅಂಗುಲ ದಪ್ಪಕ್ಕಿರಲಿ, ಆದರೆ ಕಾಂಡಕ್ಕೆ ತಾಗದಿರಲಿ. ಗೆದ್ದಲಿನ ಕಾಟವಿರುವಲ್ಲಿ ಹೊದಿಕೆಯನ್ನು ಆಗಾಗ ಎತ್ತಿ ನೋಡಿ.

ನೀರಿನ ವಿಷಯದಲ್ಲಿ ಪಾವಗಡದವರು ವಿಶೇಷ ಎಚ್ಚರ ವಹಿಸಬೇಕು. ಆಳದ ಕೊಳವೆಬಾವಿಯ ನೀರಿನಲ್ಲಿ ಲವಣಾಂಶ ಹೆಚ್ಚಿರುವುದು ಸಾಮಾನ್ಯ. ಅಂಥ ನೀರನ್ನು ದಿನವೂ ಚೂರುಚೂರೇ ಕೊಟ್ಟರೆ ಉಪ್ಪು ಬೇರಿನ ಬಳಿಯೇ ನಿಂತು ಎಲೆಯ ತುದಿ ಕಂದಾಗುತ್ತದೆ. ಮಣ್ಣಿನ ಮೇಲಿನ ಎರಡಂಗುಲ ಒಣಗಿದ ಮೇಲೆ ಒಮ್ಮೆಗೆ ಆಳಕ್ಕೆ ಇಳಿಯುವಂತೆ ಹನಿ ನೀರಾವರಿಯಲ್ಲಿ ನಿಧಾನವಾಗಿ ಕೊಡಿ. ಮಳೆನೀರು ಸಂಗ್ರಹಿಸಿದ್ದರೆ ಬೇಸಿಗೆಯ ಎರಡು ತಿಂಗಳಾದರೂ ಅದನ್ನೇ ಬಳಸಿ.

ಜೋಲುವ ಗಿಡಕ್ಕೆ ಎತ್ತರ ತಾನಾಗಿ ಬರುವುದಿಲ್ಲ. ಮುಖ್ಯ ಕಾಂಡವನ್ನು ಬಿದಿರಿನ ಗಳುವಿಗೆ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ, ಬೇಕಾದ ಎತ್ತರ ಬಂದ ಮೇಲೆ ತುದಿಯನ್ನು ಬಾಗಲು ಬಿಡಬೇಕು. ಕತ್ತರಿಸುವಾಗ ಹಸಿರು ಇರುವ ಭಾಗದಲ್ಲಿ ಮಾತ್ರ ಕತ್ತರಿಸಿ. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಹೆಚ್ಚಿನ ಶಂಕುಧಾರಿಗಳು ಮತ್ತೆ ಚಿಗುರುವುದಿಲ್ಲ. ಬೇವು, ಹೊಂಗೆಗಳನ್ನು ಬೋಳಿಸಿ ರೂಢಿಯಾದ ಕೈ ಇಲ್ಲಿ ತಡೆದುಕೊಳ್ಳಬೇಕು. ಮಾರ್ಚ್‌ನಿಂದ ಮೇವರೆಗೆ ಎಲೆಗಳು ಧೂಳು ಹಿಡಿದಂತೆ ಬೂದಿಗಂದು ಬಣ್ಣಕ್ಕೆ ತಿರುಗಿದರೆ ಕೆಂಪು ಜೇಡನುಸಿ ಇರಬಹುದು. ಬಿಳಿ ಕಾಗದದ ಮೇಲೆ ಕೊಂಬೆಯನ್ನು ತಟ್ಟಿ ನೋಡಿ, ಹರಿದಾಡುವ ಚುಕ್ಕೆಗಳು ಕಂಡರೆ ಬೆಳಗಿನ ಹೊತ್ತು ರಭಸವಾಗಿ ನೀರು ಸಿಂಪಡಿಸಿ ತೊಳೆಯಿರಿ. ಉರಿಬಿಸಿಲಿನಲ್ಲಿ ಗಂಧಕ ಸಿಂಪಡಿಸಬೇಡಿ, ಎಲೆ ಸುಡುತ್ತದೆ.

ಇಷ್ಟೆಲ್ಲ ಆರೈಕೆ ಸಾಧ್ಯವಿಲ್ಲ, ಜೋಲುವ ಚೆಲುವು ಮಾತ್ರ ಬೇಕು ಎಂಬುವವರಿಗೆ ಜೋಲು ಬಾಟಲ್‌ಬ್ರಷ್ ಇದೆ. ಶಂಕುಧಾರಿಯಲ್ಲದಿದ್ದರೂ ಕೊಂಬೆ ಇಳಿಬೀಳುತ್ತದೆ, ಕೆಂಪು ಹೂ ಬಿಡುತ್ತದೆ, ಒಮ್ಮೆ ಬೇರು ಹಿಡಿದರೆ ಕಡಿಮೆ ನೀರಿನಲ್ಲಿ ಬದುಕುತ್ತದೆ. ಶಾಲೆ, ಪಂಚಾಯಿತಿ ಕಚೇರಿ, ದೇವಸ್ಥಾನದ ಆವರಣಗಳಿಗೆ ಇದನ್ನೇ ಸೂಚಿಸಬೇಕೆಂದು ವಿಸ್ತರಣಾ ಕಾರ್ಯಕರ್ತರಲ್ಲಿ ನಮ್ಮ ಕೋರಿಕೆ. ಸರ್ವೆ ಮರವನ್ನು ಪೈನ್ ಜಾತಿಯದೆಂದು ತಿಳಿದು ಅಂಗಳಕ್ಕೆ ನೆಡುವವರೂ ಇದ್ದಾರೆ. ಸೂಜಿಯಂತೆ ಕಂಡರೂ ಅದು ಶಂಕುಧಾರಿಯಲ್ಲ, ಹೂಬಿಡುವ ಸಸ್ಯ. ಹೊಲದ ಬದುವಿಗೆ ಅದು ಸೈ, ಮನೆಯ ಮುಂದಕ್ಕೆ ಬಹಳ ದೊಡ್ಡದು.

ಕೃಂಬಿಗಲ್ ಅವರು 1956ರ ಫೆಬ್ರವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಲಾಲ್‌ಬಾಗಿನೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣ ದುರಸ್ತಿಯಿಲ್ಲದೆ 2017ರಲ್ಲಿ ಕುಸಿದುಬಿತ್ತು, ಅನಂತರ ಅದನ್ನು ಮತ್ತೆ ಕಟ್ಟಲಾಯಿತು. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಗಾಜಿನ ಮನೆಯಿಂದ ಹೊರಬಂದು ಅರೌಕೇರಿಯಾ, ಸೈಪ್ರೆಸ್ ಮರಗಳ ಬುಡದಲ್ಲಿ ನಿಂತು, ಕೊಂಬೆ ಯಾವ ದಿಕ್ಕಿಗೆ ಬಾಗಿದೆ, ಕೆಳಗಿನ ಮಣ್ಣು ಎಷ್ಟು ತಂಪಾಗಿದೆ ಎಂದು ನೋಡಿ ಬನ್ನಿ. ಮಣ್ಣು ಮತ್ತು ಕೊಳವೆಬಾವಿ ನೀರಿನ ಪರೀಕ್ಷೆಯನ್ನು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಆಗಸ್ಟ್ ಒಳಗೆ ಮಾಡಿಸಿಕೊಂಡರೆ, ಉತ್ತರೆ ಮಳೆಯ ಹೊತ್ತಿಗೆ ಗುಂಡಿ ಸಿದ್ಧವಾಗಿರುತ್ತದೆ.